ಒತ್ತೆಯಾಳೂ ಮಧ್ಯಸ್ಥನೂ

ಇಬ್ಬರ ಜಗಳವನ್ನು ಬಿಡಿಸುವುದಕ್ಕೆ ಮೂರನೆಯವನೊಬ್ಬನು ಬೇಕೆಂಬುದು ನಮ್ಮ ನಾಡಿನ ಹಳೆಯ ತಿಳಿವಳಿಕೆ. ರೋಣ ತಾಲೂಕಿನ ಹೊಳೆಆಲೂರಿನಂತಹ ಮಲಪ್ರಭೆಯ ದಂಡೆಯ ಊರುಗಳಲ್ಲಿ ಹೊಲದ ಬದುವಿಗಾಗಿಯೋ, ಅಣ್ಣತಮ್ಮಂದಿರ ಪಾಲಿಗಾಗಿಯೋ ವ್ಯಾಜ್ಯ ಹುಟ್ಟಿದರೆ, ಕೋರ್ಟಿನ ಮೆಟ್ಟಿಲನ್ನು ಹತ್ತುವ ಮೊದಲು ಪಂಚರನ್ನು ಕೂಡಿಸಿ ಕೇಳುವುದು ಬಹುಕಾಲದ ರೂಢಿ. ಪಂಚರಾಗಿ ಕೂಡ್ರುವವರಿಗೆ ಎರಡು ಗುಣಗಳು ಬೇಕು. ಎರಡೂ ಪಕ್ಷದವರು ಅವರ ಮಾತನ್ನು ನಂಬುವಂತಿರಬೇಕು. ಜಗಳದ ಆಸ್ತಿಯಲ್ಲಿ ಅವರದೇನೂ ಪಾಲಿರಬಾರದು. ಇವೆರಡರಲ್ಲಿ ಒಂದು ತಪ್ಪಿದರೂ ನ್ಯಾಯ ಕೆಡುತ್ತದೆ.

ಆದರೆ ಬದುವನ್ನು ಬಿಟ್ಟು ಮನುಷ್ಯನನ್ನೇ ಎತ್ತಿಕೊಂಡು ಹೋಗಿ, “ನಾನು ಕೇಳಿದ್ದನ್ನು ಕೊಡಿರಿ, ಇಲ್ಲವಾದರೆ ಇವನು ಉಳಿಯಲಾರನು” ಎಂದು ಹೇಳಿಕಳಿಸಿದಾಗ ಪಂಚರು ಎಲ್ಲಿಂದ ಬರಬೇಕು? ಹಿಡಿದೊಯ್ದವನು ಸರಕಾರದವರನ್ನು ನಂಬನು. ನಂಬಿದರೆ ಅವನು ಕಾಡನ್ನು ಸೇರುತ್ತಿರಲಿಲ್ಲ. ಅವನು ನಂಬುವುದು ತನ್ನಂತೆಯೇ ಸರಕಾರವನ್ನು ಎದುರುಹಾಕಿಕೊಂಡವನನ್ನು, ಬಂದೂಕಿನ ಪಕ್ಷದವನನ್ನು ಅಥವಾ ಆ ಪಕ್ಷಕ್ಕೆ ಬೇಕಾದವನನ್ನು. ಇಂತಹ ಮಧ್ಯಸ್ಥನಲ್ಲಿ ಮೊದಲನೆಯ ಗುಣವು ಅರ್ಧ ಮಾತ್ರ ಇರುತ್ತದೆ. ಎರಡನೆಯದಂತೂ ಹೆಚ್ಚಾಗಿ ಇರುವುದೇ ಇಲ್ಲ. ಅದಾಗ್ಯೂ ಜೀವದ ಮಾತು ಬಂದಾಗ ದೊಡ್ಡ ದೊಡ್ಡ ಸರಕಾರಗಳು ಕೂಡ ಅವನ ಬಾಗಿಲಿಗೇ ಹೋಗಿವೆ. ಹಾಗೆ ಹೋದುದರಿಂದ ಆದ ಲಾಭವೇನು, ಅದಕ್ಕೆ ತೆತ್ತ ಬೆಲೆಯೆಷ್ಟು, ಆ ಬೆಲೆ ಯಾವ ಮನೆಯ ಮೇಲೆ ಬಿತ್ತು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ. ಕನ್ನಡಿಗರಿಗೆ ಇದು ದೂರದ ವಿಷಯವಲ್ಲ. ೨೦೦೦ನೆಯ ಇಸವಿಯಲ್ಲಿ ಇಡಿಯ ಕರ್ನಾಟಕವೇ ನೂರೆಂಟು ದಿವಸ ಇದೇ ಪ್ರಶ್ನೆಯನ್ನು ಎದುರಿಗಿಟ್ಟುಕೊಂಡು ಕುಳಿತಿತ್ತು.

ಕಿತ್ತೂರಿನ ಕೈಸೆರೆ

ಅದಕ್ಕಿಂತ ಮೊದಲು ನಮ್ಮ ಭಾಗದ ಹಳೆಯ ನಿದರ್ಶನವೊಂದನ್ನು ನೆನೆಯುವುದು ಒಳ್ಳೆಯದು. ೧೮೨೪ರ ಅಕ್ಟೋಬರ ೨೩ರಂದು ಕಿತ್ತೂರಿನ ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಧಾರವಾಡದ ಕಲೆಕ್ಟರ ಥ್ಯಾಕರೆ ಮಡಿದನೆಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಅಂದು ಅವನ ಕೈಕೆಳಗಿನ ಸ್ಟಿವನ್‌ಸನ್ ಮತ್ತು ಎಲಿಯಟ್ ಎಂಬ ಇಬ್ಬರು ತರುಣ ಅಧಿಕಾರಿಗಳು ಕಿತ್ತೂರಿನವರ ಕೈಸೆರೆಯಾದರು. ರಾಣಿ ಚೆನ್ನಮ್ಮನ ಕೈಯಲ್ಲಿ ಅವರೇ ದೊಡ್ಡ ಒತ್ತೆ. ಮುಂದೆ ದಖ್ಖನ್ನಿನ ಕಮಿಶನರ ಚಾಪ್ಲಿನ್‌ನೊಡನೆ ಮಾತುಕತೆ ನಡೆದು, ಡಿಸೆಂಬರಿನ ಮೊದಲಲ್ಲಿ, ಇವರನ್ನು ಬಿಟ್ಟರೆ ಉಳಿದದ್ದು ಸುಸೂತ್ರವಾದೀತೆಂಬ ನಂಬಿಕೆಯಿಂದ ಅವರಿಬ್ಬರನ್ನೂ ಬಿಟ್ಟುಕೊಡಲಾಯಿತು. ಬಿಟ್ಟ ಕೆಲವೇ ದಿನಗಳೊಳಗೆ ಕೋಟೆಗೆ ಮುತ್ತಿಗೆ ಬಿದ್ದು ಕಿತ್ತೂರು ಸೋತಿತು. ಚೆನ್ನಮ್ಮನು ೧೮೨೯ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು.

ಸೆರೆಯಿಂದ ಬದುಕಿ ಬಂದ ಆ ಎಲಿಯಟ್ಟನೇ ಮುಂದೆ ಸರ್ ವಾಲ್ಟರ್ ಎಲಿಯಟ್ ಎಂದು ಹೆಸರಾಗಿ, ಕನ್ನಡ ನಾಡಿನ ನೂರಾರು ಶಿಲಾಶಾಸನಗಳನ್ನು ಪ್ರತಿ ಮಾಡಿಸಿ ಕೂಡಿಟ್ಟನು. ನಮ್ಮ ಚಾಲುಕ್ಯರ ಇತಿಹಾಸವನ್ನು ಬರೆದವರಿಗೆ ಆ ಸಂಗ್ರಹದಿಂದ ಬಹಳ ಉಪಯೋಗವಾಯಿತು. ಒತ್ತೆಯಾಳಿನ ಪ್ರಾಣವನ್ನು ಉಳಿಸುವುದರಿಂದ ಮುಂದೆ ಏನೇನು ಬೆಳೆದೀತೆಂಬುದನ್ನು ಯಾರೂ ಮೊದಲೇ ಹೇಳಲಾರರೆಂಬುದಕ್ಕೆ ಇದು ಸಾಕ್ಷಿ. ಅದರೊಡನೆ ಇನ್ನೊಂದು ಪಾಠವೂ ಇಲ್ಲಿದೆ. ಎರಡು ಪಕ್ಷಗಳ ನಡುವೆ ಕೊಟ್ಟ ಮಾತಿಗೆ ಜಾಮೀನು ನಿಲ್ಲುವವರು ಯಾರೂ ಇಲ್ಲದಿದ್ದರೆ, ಒತ್ತೆಯನ್ನು ಮೊದಲು ಬಿಟ್ಟವರು ಕೆಡುತ್ತಾರೆ. ಕಾಡಿನವನು ಮಧ್ಯಸ್ಥನನ್ನು ಕೇಳುವುದು ಈ ಭಯದಿಂದಲೇ. ಮಧ್ಯಸ್ಥನು ಬರಿಯ ಓಲೆಕಾರನಲ್ಲ, ಜಾಮೀನುದಾರ.

ಗಾಜನೂರಿನ ರಾತ್ರಿ

ಈಗ ರಾಜ್ಯದ ದಕ್ಷಿಣದ ಗಡಿಗೆ ಬರೋಣ. ಚಾಮರಾಜನಗರದ ಆಚೆ, ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದ ತಾಳವಾಡಿಯ ಭಾಗದಲ್ಲಿ ಗಾಜನೂರೆಂಬ ಹಳ್ಳಿಯಿದೆ. ಆಡಳಿತ ತಮಿಳುನಾಡಿನದಾದರೂ ಸುತ್ತಲಿನ ಮನೆಗಳಲ್ಲಿ ಕನ್ನಡವೇ ಕೇಳಿಬರುವ ಪ್ರದೇಶವಿದು. ನಟ ಡಾ. ರಾಜಕುಮಾರರು ಹುಟ್ಟಿದ್ದು ಇಲ್ಲಿಯೇ. ೨೦೦೦ನೆಯ ಇಸವಿಯ ಜುಲೈ ೩೦ರಂದು ರಾತ್ರಿ, ತಮ್ಮ ಊರಿನ ಮನೆಯಲ್ಲಿ ತಂಗಿದ್ದ ೭೧ ವರುಷದ ಆ ಹಿರಿಯರನ್ನು ವೀರಪ್ಪನ್ನನೂ ಅವನ ಸಂಗಡಿಗರೂ ಬಂದೂಕು ತೋರಿಸಿ ಕಾಡಿಗೆ ನಡೆಸಿಕೊಂಡು ಹೋದರು. ಅವರ ಅಳಿಯ ಗೋವಿಂದರಾಜು, ಬಂಧುವಾದ ನಾಗೇಶ, ಸಹಾಯಕ ನಿರ್ದೇಶಕ ನಾಗಪ್ಪ ಮಾರಡಗಿ ಈ ಮೂವರೂ ಜತೆಯಲ್ಲಿ ಸೆರೆಯಾದರು. ಪತ್ನಿ ಪಾರ್ವತಮ್ಮನವರ ಕೈಯಲ್ಲಿ ಒಂದು ಕ್ಯಾಸೆಟ್ಟನ್ನಿಟ್ಟು, ಅದನ್ನು ಮುಖ್ಯಮಂತ್ರಿಗಳಿಗೆ ಮುಟ್ಟಿಸಬೇಕೆಂದು ಹೇಳಿದರು. ಗಂಡನನ್ನು ಕಣ್ಣೆದುರಿಗೇ ಕತ್ತಲೆಯೊಳಗೆ ಕರೆದೊಯ್ದ ರಾತ್ರಿಯೇ ಆ ಗೃಹಿಣಿಯು ಕ್ಯಾಸೆಟ್ಟನ್ನು ಹಿಡಿದು ಬೆಂಗಳೂರಿಗೆ ಪಯಣ ಹೊರಟರು. ಮೊದಲನೆಯ ಓಲೆಯನ್ನು ಹೊತ್ತವರು ಹೀಗೆ ಮನೆಯವರೇ ಆದರು.

ಮರುದಿನ ಬೆಂಗಳೂರಿನಲ್ಲಿ ಅಂಗಡಿ ಮುಂಗಟ್ಟುಗಳೂ ಶಾಲೆ ಕಾಲೇಜುಗಳೂ ಮುಚ್ಚಿದುವು, ಬೀದಿಗಳಲ್ಲಿ ಗಲಭೆಯಾಯಿತು. ರಾಜಕುಮಾರರು ಬರಿಯ ನಟರಾಗಿದ್ದರೆ ಇಷ್ಟು ತಳಮಳವಾಗುತ್ತಿರಲಿಲ್ಲ. ೧೯೮೨ರ ಗೋಕಾಕ ಚಳವಳಿಯಲ್ಲಿ ಅವರು ಊರೂರು ಸುತ್ತಿ ಕನ್ನಡದ ಪರವಾಗಿ ಮಾತಾಡಿದ್ದರಿಂದ ನಾಡಿನ ಅಭಿಮಾನವೇ ಅವರಲ್ಲಿ ಮೂರ್ತಿಗೊಂಡಂತಿತ್ತು. ಜತೆಗೆ ೧೯೯೧ರ ಡಿಸೆಂಬರಿನಲ್ಲಿ ಕಾವೇರಿಯ ವಿಷಯವಾಗಿ ನಡೆದ ಹಿಂಸೆಯ ನೆನಪು ಇನ್ನೂ ಹಸಿಯಾಗಿತ್ತು. ಕಾಡಿನಲ್ಲಿ ಆ ಹಿರಿಯರಿಗೆ ಏನಾದರೂ ಆದರೆ ನಾಡಿನಲ್ಲಿದ್ದ ಬಡ ತಮಿಳರ ಮನೆಗಳ ಗತಿಯೇನು ಎಂಬ ಚಿಂತೆ ಎರಡೂ ಸರಕಾರಗಳನ್ನು ಹಿಡಿದಿತ್ತು. ಒತ್ತೆಯಾಳುಗಳು ಲೆಕ್ಕಕ್ಕೆ ನಾಲ್ವರು; ನಿಜವಾಗಿ ನೋಡಿದರೆ ಒಂದು ದೊಡ್ಡ ನಗರವೇ ಒತ್ತೆಯಾಗಿತ್ತು.

ಕರ್ನಾಟಕದ ಮುಖ್ಯಮಂತ್ರಿ ಎಸ್. ಎಂ. ಕೃಷ್ಣರೂ ತಮಿಳುನಾಡಿನ ಮುಖ್ಯಮಂತ್ರಿ ಎಂ. ಕರುಣಾನಿಧಿಯವರೂ ಚೆನ್ನೈಯಲ್ಲಿ ಕೂಡಿ ವಿಚಾರಮಾಡಿ, ‘ನಕ್ಕೀರನ್’ ಪತ್ರಿಕೆಯ ಸಂಪಾದಕ ಗೋಪಾಲರನ್ನು ದೂತನನ್ನಾಗಿ ಕಳಿಸಿದರು. ಗೋಪಾಲರಿಗೆ ಆ ಕಾಡಿನ ದಾರಿ ಹೊಸದಲ್ಲ. ೧೯೯೭ರ ಜುಲೈಯಲ್ಲಿ ವೀರಪ್ಪನ್ನನು ಬುರುಡೆ ಕಾಡಿನಿಂದ ಕರ್ನಾಟಕದ ಒಂಬತ್ತು ಮಂದಿ ಅರಣ್ಯ ಸಿಬ್ಬಂದಿಯವರನ್ನು ಹಿಡಿದೊಯ್ದಾಗಲೂ ಅವರೇ ಸಂಧಾನಕ್ಕೆ ನಿಂತಿದ್ದರು. ಕೆಲವು ವಾರಗಳ ಮೇಲೆ ಆ ಒಂಬತ್ತು ಮಂದಿಯೂ ಸುರಕ್ಷಿತವಾಗಿ ಮರಳಿದ್ದರು. ಅದೇ ವರ್ಷದ ಅಕ್ಟೋಬರಿನಲ್ಲಿ ವನ್ಯಜೀವಿಗಳ ಚಿತ್ರಗಾರರಾದ ಕೃಪಾಕರ ಮತ್ತು ಸೇನಾನಿಯವರು ಬಂಡೀಪುರದಲ್ಲಿ ಸೆರೆಯಾಗಿ, ಹದಿನಾಲ್ಕು ದಿನಗಳ ಮೇಲೆ ಬಿಡುಗಡೆ ಹೊಂದಿದ್ದರು. ಆಗಿನ ಬೇಡಿಕೆ ಒಂದೇ ಆಗಿತ್ತು. ವೀರಪ್ಪನ್ನನಿಗೆ ತನ್ನ ಅಪರಾಧಗಳ ಕ್ಷಮೆ ಬೇಕಾಗಿತ್ತು.

ಪಟ್ಟಿಯ ಹಿಂದಿನ ಕೈ

೨೦೦೦ನೆಯ ಇಸವಿಯ ಪಟ್ಟಿಯನ್ನು ನೋಡಿದವರು ಬೆರಗಾದರು. ಆನೆಯ ದಂತವನ್ನೂ ಗಂಧವನ್ನೂ ಕದ್ದು ಮಾರಿದವನು ಈಗ ರಾಜ್ಯಶಾಸ್ತ್ರದ ಭಾಷೆಯಲ್ಲಿ ಮಾತಾಡತೊಡಗಿದ್ದನು. ಕಾವೇರಿಯ ನೀರು, ೧೯೯೧ರ ಗಲಭೆಯಲ್ಲಿ ನೊಂದ ತಮಿಳರಿಗೆ ಪರಿಹಾರ, ಕರ್ನಾಟಕದ ಆಡಳಿತದಲ್ಲಿ ತಮಿಳಿಗೆ ಸ್ಥಾನ, ಬೆಂಗಳೂರಿನಲ್ಲಿ ಮುಸುಕು ಹಾಕಿ ನಿಲ್ಲಿಸಿದ್ದ ತಿರುವಳ್ಳುವರ್ ಪ್ರತಿಮೆಯ ಅನಾವರಣ, ನೀಲಗಿರಿಯ ಚಹ ಬೆಳೆಗಾರರಿಗೆ ತಕ್ಕ ಧಾರಣೆ, ತಿರುನೆಲ್ವೇಲಿ ಜಿಲ್ಲೆಯ ಮಾಂಜೋಲೈ ಚಹ ತೋಟದ ಕೂಲಿಗಳ ದಿನಗೂಲಿ. ಆ ಕೂಲಿಗಳ ಮೆರವಣಿಗೆಯ ಮೇಲೆ ೧೯೯೯ರ ಜುಲೈ ೨೩ರಂದು ಪೋಲೀಸರು ಬಿದ್ದಾಗ ತಾಮ್ರಪರ್ಣಿ ನದಿಯಲ್ಲಿ ೧೭ ಮಂದಿ ಸತ್ತಿದ್ದರು. ಇವುಗಳ ಜತೆಗೆ ಮೈಸೂರಿನ ಸೆರೆಯಲ್ಲಿದ್ದ ಟಾಡಾ ಕಾನೂನಿನ ಕೈದಿಗಳ ಬಿಡುಗಡೆ, ವಿಶೇಷ ಪೋಲೀಸು ಪಡೆಯ ಅತ್ಯಾಚಾರಗಳನ್ನು ವಿಚಾರಿಸಲು ನೇಮಿಸಿದ್ದ ನ್ಯಾಯಮೂರ್ತಿ ಸದಾಶಿವರ ಸಮಿತಿಗಿದ್ದ ತಡೆಯ ನಿವಾರಣೆ, ತಮಿಳುನಾಡಿನ ಸೆರೆಯಲ್ಲಿದ್ದ ಐವರು ತಮಿಳು ಉಗ್ರವಾದಿಗಳ ಬಿಡುಗಡೆ ಇವೂ ಸೇರಿದ್ದುವು.

ಕೊನೆಯ ಬೇಡಿಕೆಯೇ ಪಟ್ಟಿಯ ಹಿಂದಿನ ಕೈಯನ್ನು ತೋರಿಸಿಕೊಟ್ಟಿತು. ತಮಿಳರ ವಿಮೋಚನೆಯ ಹೆಸರಿನಲ್ಲಿ ಶಸ್ತ್ರ ಹಿಡಿದ ಎರಡು ಚಿಕ್ಕ ಗುಂಪುಗಳ ತರುಣರು ಆಗ ವೀರಪ್ಪನ್ನನ ಬಿಡಾರವನ್ನು ಸೇರಿದ್ದರು. ಅವುಗಳಲ್ಲೊಂದಾದ ತಮಿಳು ರಾಷ್ಟ್ರೀಯ ವಿಮೋಚನಾ ಸೇನೆಯು ನಕ್ಸಲೀಯರಿಂದ ಸಿಡಿದು ಬಂದ ತಮಿಳರಸನ್ ಎಂಬವನು ಕಟ್ಟಿದ್ದು; ಅವನು ೧೯೮೭ರಲ್ಲಿ ಪೊನ್ಪರಪ್ಪಿಯೆಂಬಲ್ಲಿ ಬ್ಯಾಂಕನ್ನು ಲೂಟಿಮಾಡಲು ಹೋಗಿ ಜನರ ಏಟಿಗೆ ಸಿಕ್ಕಿ ಸತ್ತನು. ಇಂತಹ ಗುಂಪಿಗೆ ತನ್ನ ಬಲದಿಂದ ಹತ್ತು ಹಳ್ಳಿಗಳನ್ನು ಕೂಡಿಸುವ ಶಕ್ತಿಯೂ ಇರಲಿಲ್ಲ. ರಾಜಕುಮಾರರು ಕೈಗೆ ಸಿಕ್ಕ ಮೇಲೆ ಎರಡು ರಾಜ್ಯಗಳ ಮುಖ್ಯಮಂತ್ರಿಗಳು ಅದರ ಬೇಡಿಕೆಗಳಿಗೆ ಒಂದೊಂದಾಗಿ ಉತ್ತರ ಬರೆದು ಕಳಿಸಬೇಕಾಯಿತು. ವೀರಪ್ಪನ್ನನಿಗೆ ಇದರಿಂದ ಕಳ್ಳನೆಂಬ ಹೆಸರು ಮರೆಯಾಗುವ ಲಾಭ; ಆ ಗುಂಪುಗಳಿಗೆ ದೇಶದ ಕಿವಿ ಸಿಕ್ಕಿದ ಲಾಭ.

ಗೋಪಾಲರು ಹಲವು ಸಲ ಕಾಡಿಗೆ ಹೋಗಿ ಬಂದರೂ ಕೆಲಸವಾಗಲಿಲ್ಲ. ಸೆಪ್ಟೆಂಬರ ೨೮ರಂದು ನಾಗಪ್ಪ ಮಾರಡಗಿಯವರು ತಾವಾಗಿಯೇ ತಪ್ಪಿಸಿಕೊಂಡು ಬಂದರು. ಮುಂದೆ ಅಕ್ಟೋಬರಿನಲ್ಲಿ, ಎರಡೂ ಸರಕಾರಗಳ ಕೋರಿಕೆಯ ಮೇರೆಗೆ, ಪಳ ನೆಡುಮಾರನ್ ಎಂಬ ಹಿರಿಯ ರಾಜಕಾರಣಿಯು ಪ್ರಾಧ್ಯಾಪಕ ಕಲ್ಯಾಣಿ, ಪುದುಚ್ಚೇರಿಯ ಸುಕುಮಾರನ್ ಮೊದಲಾದವರೊಡನೆ ಸಂಧಾನಕ್ಕೆ ಸೇರಿದರು. ನೆಡುಮಾರನ್ನರು ಹಿಂದೆ ಕಾಂಗ್ರೆಸ್ಸಿನಲ್ಲಿದ್ದವರು. ಸ್ವತಃ ಶಸ್ತ್ರ ಹಿಡಿದವರಲ್ಲ. ಆದರೆ ಸಿಂಹಳದ ತಮಿಳು ಹುಲಿಗಳಿಗೆ ಅವರು ಬಹಿರಂಗವಾಗಿ ಬೆಂಬಲ ಕೊಡುತ್ತಿದ್ದುದು ಲೋಕಪ್ರಸಿದ್ಧವಾಗಿತ್ತು. ಕಾಡಿನ ತರುಣರು ಯಾವ ಮಂತ್ರಿಗೂ ಕೊಡದ ಗೌರವವನ್ನು ಅವರಿಗೆ ಕೊಟ್ಟದ್ದು ಇದೇ ಕಾರಣದಿಂದ. ಅವರು ಸೇರಿದ ಮೇಲೆ ಅದೇ ತಿಂಗಳಲ್ಲಿ ಗೋವಿಂದರಾಜು ಬಿಡುಗಡೆಯಾದರು.

ಇನ್ನೊಂದು ಮನೆ

ಇಷ್ಟರೊಳಗೆ ಬೇರೊಂದು ಮನೆಯಿಂದ ಒಂದು ಮಾತು ಎದ್ದಿತು. ೧೯೯೨ರ ಆಗಸ್ಟ ೧೪ರಂದು ವೀರಪ್ಪನ್ನನು ಮೀಣ್ಯದ ಹತ್ತಿರ ಹೊಂಚುಹಾಕಿ ಪೋಲೀಸ ಅಧಿಕಾರಿ ಹರಿಕೃಷ್ಣರನ್ನೂ ಅವರ ಸಂಗಡಿಗರನ್ನೂ ಕೊಂದಿದ್ದನು. ಸತ್ತವರಲ್ಲಿ ಶಕೀಲ ಅಹಮದನೆಂಬ ತರುಣ ಸಬ್-ಇನ್‌ಸ್ಪೆಕ್ಟರನೂ ಒಬ್ಬನು. ಅವನ ತಂದೆ ಅಬ್ದುಲ್ ಕರೀಮರು ತಾವೂ ಪೋಲೀಸು ಖಾತೆಯಲ್ಲಿ ದುಡಿದು ನಿವೃತ್ತರಾದವರು. ಸೆರೆಯಲ್ಲಿದ್ದ ಟಾಡಾ ಕೈದಿಗಳ ಮೇಲಿನ ಮೊಕದ್ದಮೆಯನ್ನು ಕರ್ನಾಟಕ ಸರಕಾರವು ಹಿಂದೆಗೆದುಕೊಳ್ಳಲು ನಿರ್ಧರಿಸಿ, ಆಗಸ್ಟಿನಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯವು ಅದಕ್ಕೆ ಒಪ್ಪಿಗೆ ಕೊಟ್ಟಾಗ, ಈ ಮುದುಕರು ಸುಪ್ರೀಮ್ ಕೋರ್ಟಿಗೆ ಹೋದರು.

ವಾಚಕರು ಈ ಸಂದರ್ಭವನ್ನು ಸ್ವಲ್ಪ ಮನಸ್ಸಿಗೆ ತಂದುಕೊಳ್ಳಬೇಕು. ನಾಡೆಲ್ಲ ರಾಜಕುಮಾರರ ಕ್ಷೇಮಕ್ಕಾಗಿ ದೇವರಿಗೆ ಹರಕೆ ಹೊರುತ್ತಿದ್ದ ಕಾಲ. ಕೈದಿಗಳನ್ನು ಬಿಟ್ಟರೆ ಆ ಹಿರಿಯರು ಬಂದಾರೆಂದು ಎಲ್ಲರೂ ನಂಬಿದ್ದರು. ಅಂತಹ ಹೊತ್ತಿನಲ್ಲಿ ಒಬ್ಬ ತಂದೆಯು ಎದ್ದುನಿಂತು, ಕೊಲೆಯ ಆರೋಪವನ್ನು ಹೊತ್ತವರನ್ನು ವಿಚಾರಣೆಯಿಲ್ಲದೆ ಬಿಡಕೂಡದೆಂದು ಕೇಳುವುದಕ್ಕೆ ಎಷ್ಟು ಎದೆಗಾರಿಕೆ ಬೇಕು! ಕರೀಮರ ಮಾತಿನಲ್ಲಿ ರಾಜಕುಮಾರರ ಮೇಲೆ ದ್ವೇಷವಿರಲಿಲ್ಲ. ಮಧ್ಯಸ್ಥರ ಪಟ್ಟಿಯಲ್ಲಿ ಒಂದು ಸಾಲಾಗಿ ಕಾಣುವ ಬೇಡಿಕೆಯು ತಮ್ಮ ಮನೆಯ ಮಟ್ಟಿಗೆ ಮಗನ ಪ್ರಾಣದ ಲೆಕ್ಕವೆಂಬುದನ್ನಷ್ಟೆ ಅವರು ನ್ಯಾಯಸ್ಥಾನದ ಮುಂದಿಟ್ಟರು. ಕೋರ್ಟು ಮೊದಲು ತಡೆಯಾಜ್ಞೆಯನ್ನು ಕೊಟ್ಟಿತು. ನವೆಂಬರ ೭ರಂದು ತೀರ್ಪನ್ನು ಹೇಳಿ ಆ ಬಿಡುಗಡೆಯನ್ನು ತಳ್ಳಿಹಾಕಿತು. ಮೊಕದ್ದಮೆಯನ್ನು ಹಿಂದೆಗೆದುಕೊಳ್ಳುವಾಗ ಸರಕಾರಿ ವಕೀಲರು ಸಾರ್ವಜನಿಕ ಹಿತವನ್ನು ತಾವಾಗಿ ತೂಗಿ ನೋಡಬೇಕಾಗಿತ್ತು, ಹಾಗೆ ನೋಡಲಿಲ್ಲವೆಂಬುದು ಅದರ ಸಾರ. ಇಷ್ಟು ವರ್ಷ ವೀರಪ್ಪನ್ನನನ್ನು ಹಿಡಿಯದೆ ಬಿಟ್ಟುದಕ್ಕಾಗಿ ಎರಡೂ ಸರಕಾರಗಳಿಗೆ ಕಟುವಾದ ಮಾತುಗಳೂ ಬಂದುವು.

ಇದರ ಇನ್ನೊಂದು ಮಗ್ಗಲನ್ನೂ ಹೇಳದಿದ್ದರೆ ನ್ಯಾಯವಾಗದು. ಆ ಕೈದಿಗಳಲ್ಲಿ ಕಾಡಂಚಿನ ಬಡ ಹಳ್ಳಿಗರೇ ಬಹಳ ಮಂದಿ. ೧೯೯೩ರ ಏಪ್ರಿಲ್ ೯ರಂದು ಪಾಲಾರಿನಲ್ಲಿ ನೆಲಬಾಂಬು ಸಿಡಿದು ೨೨ ಮಂದಿ ಸತ್ತ ಮೇಲೆ ಹಿಡಿದು ತಂದವರಲ್ಲಿ ಅನೇಕರು ವರ್ಷಗಟ್ಟಲೆ ತೀರ್ಪಿಲ್ಲದೆ ಕೊಳೆಯುತ್ತಿದ್ದರು. ೨೦೦೧ರಲ್ಲಿ ಮೈಸೂರಿನ ನ್ಯಾಯಾಲಯವು ವಿಚಾರಣೆಯನ್ನು ಮುಗಿಸಿ, ಕೆಲವರಿಗೆ ಶಿಕ್ಷೆ ವಿಧಿಸಿ, ಬಹುಮಂದಿಯನ್ನು ನಿರ್ದೋಷಿಗಳೆಂದು ಬಿಟ್ಟಿತು. ಬಂದೂಕಿನವರ ಪಟ್ಟಿಯಲ್ಲಿ ಇಂತಹ ನಿಜವಾದ ನೋವು ಒಂದಿಷ್ಟು ಬೆರೆತಿರುತ್ತದೆ. ಸರಕಾರವು ತಾನಾಗಿ ಕೇಳಬೇಕಾಗಿದ್ದ ದೂರನ್ನು ಕೇಳದೆ ಬಿಟ್ಟಾಗ, ಅದನ್ನು ಎತ್ತಿಕೊಳ್ಳುವವನು ಕಾಡಿನವನಾಗುತ್ತಾನೆ. ಅವನ ಮಧ್ಯಸ್ಥನ ಮಾತಿಗೆ ತೂಕ ಬರುವುದೂ ಅಲ್ಲಿಂದಲೇ.

ನೂರೆಂಟನೆಯ ದಿನ

ಸುಪ್ರೀಮ್ ಕೋರ್ಟಿನ ತೀರ್ಪಿನಿಂದ ಒತ್ತೆಯಾಳುಗಳ ಪ್ರಾಣಕ್ಕೆ ಸಂಚಕಾರ ಬಂದೀತೆಂದು ಎಲ್ಲರೂ ಹೆದರಿದ್ದರು. ಹಾಗಾಗಲಿಲ್ಲ. ತೀರ್ಪು ಬಂದ ಎಂಟನೆಯ ದಿನ, ೨೦೦೦ನೆಯ ಇಸವಿಯ ನವೆಂಬರ ೧೫ರಂದು, ನೆಡುಮಾರನ್ನರು ಮುಂದೆ ನಿಂತು ನಡೆಸಿದ ಸಂಧಾನದಿಂದ ರಾಜಕುಮಾರರೂ ನಾಗೇಶರೂ ಬಿಡುಗಡೆ ಹೊಂದಿದರು. ಒಟ್ಟು ೧೦೮ ದಿವಸ. ಕೈದಿಗಳನ್ನು ಬಿಡದೆಯೇ ಈ ಬಿಡುಗಡೆ ಹೇಗಾಯಿತೆಂಬ ಪ್ರಶ್ನೆ ಅಂದಿನಿಂದಲೂ ಉಳಿದಿದೆ. ಗುಪ್ತವಾಗಿ ದೊಡ್ಡ ಮೊತ್ತವನ್ನು ಕೊಡಲಾಯಿತೆಂದು, ಆಗ ರಾಜ್ಯದ ಪೋಲೀಸು ಮುಖ್ಯಸ್ಥರಾಗಿದ್ದ ಸಿ. ದಿನಕರರು ಮುಂದೆ ಪುಸ್ತಕ ಬರೆದು ಆರೋಪಿಸಿದರು. ಸಂಬಂಧಪಟ್ಟವರು ಅದನ್ನು ಅಲ್ಲಗಳೆದರು.

ಆ ಮೇಲೆ ನಡೆದುದನ್ನೂ ಜೋಡಿಸಿ ನೋಡಬೇಕು. ಬಿಡಾರದಲ್ಲಿದ್ದ ಆ ಎರಡು ಗುಂಪುಗಳನ್ನು ೨೦೦೨ರಲ್ಲಿ ನಿಷೇಧಿಸಲಾಯಿತು. ಎರಡು ಸರಕಾರಗಳು ಕೈಮುಗಿದು ಕರೆದಿದ್ದ ನೆಡುಮಾರನ್ನರನ್ನು ಅದೇ ವರ್ಷ ತಮಿಳುನಾಡಿನಲ್ಲಿ, ಹುಲಿಗಳ ಪರವಾಗಿ ಭಾಷಣ ಮಾಡಿದ ಕಾರಣಕ್ಕೆ, ಪೋಟಾ ಕಾನೂನಿನ ಕೆಳಗೆ ಸೆರೆಯಲ್ಲಿಡಲಾಯಿತು. ವೀರಪ್ಪನ್ನನು ೨೦೦೪ರ ಅಕ್ಟೋಬರ ೧೮ರಂದು ತಮಿಳುನಾಡಿನ ವಿಶೇಷ ಪಡೆಯವರ ಗುಂಡಿಗೆ ಬಲಿಯಾದನು. ರಾಜಕುಮಾರರು ೨೦೦೬ರ ಏಪ್ರಿಲ್ ೧೨ರಂದು ದೈವಾಧೀನರಾದರು. ಅಪಹರಣದ ಮೊಕದ್ದಮೆಯು ಹದಿನೆಂಟು ವರ್ಷ ನಡೆದು, ೨೦೧೮ರ ಸೆಪ್ಟೆಂಬರಿನಲ್ಲಿ ಗೋಬಿಚೆಟ್ಟಿಪಾಳಯದ ನ್ಯಾಯಾಲಯವು ಉಳಿದಿದ್ದ ಒಂಬತ್ತು ಆರೋಪಿಗಳನ್ನೂ ಸಾಕ್ಷ್ಯ ಸಾಲದೆಂದು ಬಿಟ್ಟಿತು.

ಪರದೇಶದ ನಿದರ್ಶನಗಳು

ಬಂದೂಕಿನ ಪಕ್ಷದವರನ್ನೇ ನೇರವಾಗಿ ಪಂಚರನ್ನಾಗಿ ಮಾಡಿಕೊಂಡ ಪ್ರಸಂಗಗಳು ಪಶ್ಚಿಮ ಏಶಿಯದಲ್ಲಿ ಹೇರಳವಾಗಿವೆ. ೧೯೭೯ರ ನವೆಂಬರ ೪ರಂದು ತೆಹರಾನಿನ ಅಮೆರಿಕನ್ ರಾಯಭಾರ ಕಚೇರಿಯನ್ನು ವಿದ್ಯಾರ್ಥಿಗಳು ಹಿಡಿದಾಗ, ಅಮೆರಿಕವು ಮಾನ್ಯಮಾಡದಿದ್ದ ಪ್ಯಾಲೆಸ್ತೀನ್ ವಿಮೋಚನಾ ಸಂಸ್ಥೆಯು ಮಧ್ಯಸ್ಥಿಕೆಗೆ ಹೋಯಿತು. ಅದೇ ತಿಂಗಳಲ್ಲಿ ಹೆಂಗಸರು ಮತ್ತು ಕರಿಯರು ಸೇರಿ ಹದಿಮೂರು ಮಂದಿಯ ಬಿಡುಗಡೆಯಾಯಿತು. ಉಳಿದವರಲ್ಲಿ ೫೨ ಮಂದಿಯು ೪೪೪ ದಿವಸ ಸೆರೆಯಲ್ಲಿದ್ದರು. ಕೊನೆಗೆ ಅವರನ್ನು ಬಿಡಿಸಿದ್ದು ಅಲ್ಜೀರಿಯದ ಸರಕಾರ, ಎಂದರೆ ಎರಡು ಪಕ್ಷದವರೂ ನಂಬಿದ ಮೂರನೆಯವನು.

೧೯೮೫ರ ಜೂನ್ ೧೪ರಂದು ಅಥೆನ್ಸಿನಿಂದ ಹೊರಟ ಅಮೆರಿಕದ ವಿಮಾನವೊಂದನ್ನು ಅಪಹರಿಸಿ ಬೇರೂತಿಗೆ ಒಯ್ದರು. ಪ್ರಯಾಣಿಕರಲ್ಲಿ ಒಬ್ಬ ನೌಕಾಯೋಧನನ್ನು ಕೊಂದರು. ಅಲ್ಲಿಯ ಅಮಲ್ ಎಂಬ ಸಶಸ್ತ್ರ ಪಕ್ಷದ ಮುಖಂಡ ನಬೀ ಬೆರ್ರಿ ಒತ್ತೆಯಾಳುಗಳನ್ನು ತನ್ನ ವಶಕ್ಕೆ ತೆಗೆದುಕೊಂಡು ಮಧ್ಯಸ್ಥನಾದನು. ಆದರೆ ಅಪಹರಿಸಿದವರು ಕೇಳಿದ್ದ ಬೇಡಿಕೆಯನ್ನೇ, ಇಸ್ರೇಲಿನ ಸೆರೆಯಲ್ಲಿದ್ದ ತನ್ನ ಜನಾಂಗದವರ ಬಿಡುಗಡೆಯನ್ನೇ, ಅವನೂ ಹಿಡಿದು ನಿಂತನು. ಜೂನ್ ೩೦ರಂದು ಉಳಿದ ೩೯ ಮಂದಿ ಹೊರಬಂದರು. ಮುಂದಿನ ವಾರಗಳಲ್ಲಿ ಇಸ್ರೇಲು ಏಳುನೂರಕ್ಕೂ ಹೆಚ್ಚು ಕೈದಿಗಳನ್ನು ಬಿಟ್ಟಿತು. ಪಂಚನೂ ಪಕ್ಷಗಾರನೂ ಒಬ್ಬನೇ ಆದ ಪ್ರಸಂಗವಿದು.

ಅದೇ ವರ್ಷದ ಅಕ್ಟೋಬರಿನಲ್ಲಿ ಇದಕ್ಕಿಂತ ವಿಪರೀತವಾದದ್ದು ನಡೆಯಿತು. ‘ಅಕಿಲ್ಲೆ ಲೌರೊ’ ಎಂಬ ಇಟಲಿಯ ಪ್ರಯಾಣಿಕರ ಹಡಗನ್ನು ನಾಲ್ವರು ಬಂದೂಕಿನವರು ಹಿಡಿದು, ಗಾಲಿಕುರ್ಚಿಯಲ್ಲಿದ್ದ ಒಬ್ಬ ಮುದುಕನನ್ನು ಕೊಂದು ಸಮುದ್ರಕ್ಕೆ ಎಸೆದರು. ಅವರನ್ನು ಒಪ್ಪಿಸಿ ಹಡಗನ್ನು ಬಿಡಿಸಿಕೊಟ್ಟ ಮಧ್ಯಸ್ಥನು ಅಬು ಅಬ್ಬಾಸ್. ಆ ನಾಲ್ವರನ್ನು ಕಳಿಸಿದವನೂ ಅವನೇ ಎಂಬುದು ಆ ಮೇಲೆ ಬಯಲಾಗಿ, ಇಟಲಿಯ ನ್ಯಾಯಾಲಯವು ಅವನ ಗೈರುಹಾಜರಿಯಲ್ಲಿಯೇ ಅವನಿಗೆ ಶಿಕ್ಷೆ ವಿಧಿಸಿತು.

ಇದಕ್ಕೆ ಪ್ರತಿಯಾದ ಉದಾಹರಣೆಯೂ ಇದೆ. ೨೦೦೭ರ ಮಾರ್ಚಿಯಲ್ಲಿ ಗಾಜಾದಲ್ಲಿ ಬಿಬಿಸಿಯ ವರದಿಗಾರ ಅಲನ್ ಜಾನ್‌ಸ್ಟನ್ನರನ್ನು ಒಂದು ಚಿಕ್ಕ ಗುಂಪು ಹಿಡಿದೊಯ್ದಿತು. ಜೂನಿನಲ್ಲಿ ಗಾಜಾವನ್ನು ಬಲದಿಂದ ವಶಮಾಡಿಕೊಂಡ ಹಮಾಸ್ ಪಕ್ಷದವರು ಆ ಗುಂಪಿನ ಕೇರಿಯನ್ನು ಸುತ್ತುವರಿದು, ಒತ್ತಾಯಮಾಡಿ, ಜುಲೈ ೪ರಂದು ಅವರನ್ನು ಬಿಡಿಸಿ ತಂದರು. ಆಳುವ ಶಕ್ತಿ ತಮಗುಂಟೆಂದು ಜಗತ್ತಿಗೆ ತೋರಿಸುವುದು ಅವರಿಗೆ ಬೇಕಾಗಿತ್ತು. ಇಂತಹ ಮಧ್ಯಸ್ಥರು ಬೇಡುವ ಕೂಲಿಯು ಹೆಚ್ಚಾಗಿ ಇದೇ. ದುಡ್ಡಿಗಿಂತ ಮಾನ್ಯತೆ ಅವರಿಗೆ ದೊಡ್ಡದು.

ಕಂದಹಾರದ ಲೆಕ್ಕ

ನಮ್ಮ ದೇಶವೂ ಈ ಕೂಲಿಯನ್ನು ತೆತ್ತಿದೆ. ರಾ��ಕುಮಾರರ ಅಪಹರಣಕ್ಕೆ ಏಳು ತಿಂಗಳ ಮೊದಲು, ೧೯೯೯ರ ಡಿಸೆಂಬರ ೨೪ರಂದು, ಕಾಠಮಾಂಡುವಿನಿಂದ ದಿಲ್ಲಿಗೆ ಹೊರಟಿದ್ದ ನಮ್ಮ ವಿಮಾನವನ್ನು ಐವರು ಅಪಹರಿಸಿ, ಅಮೃತಸರ, ಲಾಹೋರ, ದುಬೈಗಳ ಮೇಲಿಂದ ಕಂದಹಾರಕ್ಕೆ ಒಯ್ದರು. ಹೊಸದಾಗಿ ಮದುವೆಯಾಗಿದ್ದ ಒಬ್ಬ ತರುಣ ಪ್ರಯಾಣಿಕನು ಅವರ ಇರಿತಕ್ಕೆ ಬಲಿಯಾದನು. ಕಂದಹಾರದಲ್ಲಿದ್ದುದು ತಾಲಿಬಾನರ ಆಡಳಿತ. ಜಗತ್ತಿನ ಮೂರೇ ರಾಜ್ಯಗಳು ಆಗ ಅದನ್ನು ಮಾನ್ಯಮಾಡಿದ್ದುವು, ಭಾರತವು ಮಾಡಿರಲಿಲ್ಲ. ಆದರೂ ನಮ್ಮ ಅಧಿಕಾರಿಗಳು ಅವರ ಮೂಲಕವೇ ಮಾತಾಡಬೇಕಾಯಿತು. ಅಪಹರಣಕಾರರು ೩೬ ಮಂದಿ ಕೈದಿಗಳನ್ನೂ ಇಪ್ಪತ್ತು ಕೋಟಿ ಡಾಲರುಗಳನ್ನೂ ಹೂಳಿದ್ದ ಒಬ್ಬ ಉಗ್ರವಾದಿಯ ಹೆಣವನ್ನೂ ಕೇಳಿದ್ದರು. ಹಣವನ್ನೂ ಹೆಣವನ್ನೂ ಕೇಳುವುದು ಧರ್ಮಕ್ಕೆ ಒಪ್ಪದೆಂದು ತಾಲಿಬಾನರು ಹೇಳಿದ ಮೇಲೆ ಅವೆರಡನ್ನೂ ಕೈಬಿಟ್ಟರು. ಕೊನೆಗೆ ಮೂವರು ಕೈದಿಗಳ ಬಿಡುಗಡೆಗೆ ಒಪ್ಪಂದವಾಗಿ, ಡಿಸೆಂಬರ ೩೧ರಂದು ನಮ್ಮ ವಿದೇಶ ಮಂತ್ರಿಗಳೇ ಕಂದಹಾರಕ್ಕೆ ಹೋದರು. ನೂರಾರು ಮನೆಗಳವರು ತಮ್ಮವರನ್ನು ಮರಳಿ ಕಂಡರು. ಅಪಹರಿಸಿದವರನ್ನು ಮಾತ್ರ ಮಧ್ಯಸ್ಥರು ಹಿಡಿದುಕೊಡಲಿಲ್ಲ, ಹೊರಟುಹೋಗಲು ಬಿಟ್ಟರು.

ಬಿಡುಗಡೆಯಾದ ಮೂವರಲ್ಲಿ ಮಸೂದ ಅಜರ ಎಂಬವನು ಮರುವರ್ಷವೇ ಜೈಶ್-ಎ-ಮಹಮ್ಮದ್ ಎಂಬ ಸಂಘವನ್ನು ಕಟ್ಟಿದನು. ೨೦೧೯ರ ಫೆಬ್ರುವರಿ ೧೪ರಂದು ಪುಲ್ವಾಮಾದಲ್ಲಿ ನಮ್ಮ ೪೦ ಯೋಧರನ್ನು ಕೊಂದ ಕೃತ್ಯವನ್ನು ತನ್ನದೆಂದು ಹೇಳಿಕೊಂಡದ್ದು ಅದೇ ಸಂಘ. ಆ ೪೦ ಮಂದಿಯಲ್ಲಿ ನಮ್ಮ ಮಂಡ್ಯ ಜಿಲ್ಲೆಯ ಒಬ್ಬ ತರುಣನೂ ಇದ್ದನು. ೧೯೯೯ರಲ್ಲಿ ಒಪ್ಪಂದಕ್ಕೆ ರುಜು ಹಾಕಿದವರಿಗೆ ಆ ಮನೆ ಕಾಣುತ್ತಿರಲಿಲ್ಲ. ಕಾಣುವುದು ಸಾಧ್ಯವೂ ಇರಲಿಲ್ಲ. ವಿಮಾನದೊಳಗಿದ್ದವರ ಮನೆಮಂದಿ ದಿಲ್ಲಿಯಲ್ಲಿ ಕಣ್ಣೆದುರಿಗೇ ಅಳುತ್ತಿದ್ದರು.

ಕಾಮಗೆರೆಯ ದುಃಖ

ಹಾಗಾದರೆ ಇಂತಹ ಮಧ್ಯಸ್ಥರ ಹಂಗೇ ಬೇಡವೆನ್ನೋಣವೆ? ಹೀಗೆನ್ನುವವರು ಕೊಳ್ಳೇಗಾಲದ ಹತ್ತಿರದ ಕಾಮಗೆರೆಯನ್ನು ನೆನೆಯಬೇಕು. ಹಿಂದೆ ಮಂತ್ರಿಗಳಾಗಿದ್ದ ಎಚ್. ನಾಗಪ್ಪನವರನ್ನು ೨೦೦೨ರ ಆಗಸ್ಟ ೨೫ರಂದು ವೀರಪ್ಪನ್ನನು ಅಲ್ಲಿಯ ಅವರ ಮನೆಯಿಂದಲೇ ಎತ್ತಿಕೊಂಡು ಹೋದನು. ಈ ಸಲ ಕಾಡಿಗೆ ಹೋಗಿಬರಲು ಯಾರೂ ಸಕಾಲಕ್ಕೆ ಸಿಗಲಿಲ್ಲ. ಹಿಂದಿನ ಸಂಧಾನವನ್ನು ನಡೆಸಿದ ನೆಡುಮಾರನ್ನರು ಸೆರೆಯಲ್ಲಿದ್ದರು. ವೀರಪ್ಪನ್ನನು ಹೆಸರು ಹೇಳಿ ಕೇಳಿದ ಕೊಳತ್ತೂರು ಮಣಿಯವರೂ ಬೇರೆ ಮೊಕದ್ದಮೆಯ ಕಾರಣದಿಂದ ಸೆರೆಯಲ್ಲಿದ್ದರು. ಮಾತುಕತೆಯ ದಾರಿ ತೆರೆಯುವ ಮೊದಲೇ, ಡಿಸೆಂಬರ ೮ರಂದು, ಚಂಗಡಿಯ ಕಾಡಿನಲ್ಲಿ ನಾಗಪ್ಪನವರ ಶವ ಸಿಕ್ಕಿತು. ಗಾಜನೂರಿನ ಮನೆಯವರು ೧೦೮ ದಿವಸ ಕಾದು ಯಜಮಾನರನ್ನು ಕಂಡರು. ಕಾಮಗೆರೆಯ ಮನೆಯವರು ೧೦೬ನೆಯ ದಿನ ಹೆಣವನ್ನು ಕಂಡರು. ಅರ್ಧ ನಂಬುಗೆಯ ಪಂಚನೂ ಇಲ್ಲದಿದ್ದರೆ ಏನಾಗುತ್ತದೆಂಬುದು ಇದರಿಂದ ತಿಳಿಯುತ್ತದೆ.

ಗೃಹಸ್ಥರು ವಿಚಾರಿಸತಕ್ಕ ಮಾತು

ಆದುದರಿಂದ ಬಂದೂಕಿನ ಪಕ್ಷಕ್ಕೆ ಬೇಕಾದವನು ಮಧ್ಯಸ್ಥನಾಗಿ ಬಂದರೆ ಅವನನ್ನು ಓಡಿಸಬೇಕಾದುದಿಲ್ಲ. ಅವನು ಕಾಡಿನ ದಾರಿಯನ್ನು ಬಲ್ಲನು. ಒತ್ತೆಯಾಳಿಗೆ ಔಷಧವನ್ನು ಮುಟ್ಟಿಸಬಲ್ಲನು. ಹಿಡಿದವನ ಸಿಟ್ಟನ್ನು ಇಳಿಸಿ ಒಂದು ವಾರವನ್ನಾದರೂ ಗಳಿಸಿಕೊಡಬಲ್ಲನು. ಆ ಉಪಕಾರಕ್ಕೆ ಕೃತಜ್ಞತೆ ಸಲ್ಲಬೇಕು. ಆದರೆ ಅವನ ಚೀಲದಲ್ಲಿ ಬಂದ ಪಟ್ಟಿಯನ್ನು ಬೇರೆಯಾಗಿಯೇ ಓದಬೇಕು. ಅದರಲ್ಲಿಯ ಒಂದೊಂದು ಸಾಲು ಯಾವ ಮನೆಯವರ ಗಂಟಿನಿಂದ ಹೋಗುತ್ತದೆಂದು ಕೇಳಬೇಕು. ಅಬ್ದುಲ್ ಕರೀಮರಂತಹವರು ಎದ್ದು ಮಾತಾಡಿದರೆ ಅವರ ಬಾಯಿ ಮುಚ್ಚಿಸಬಾರದು.

ಆ ಹತ್ತಾರು ಬೇಡಿಕೆಗಳು ಮುಂದೆ ಏನಾದುವೆಂದು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ನಿರ್ದೋಷಿಗಳಾದ ಕೈದಿಗಳನ್ನು ೨೦೦೧ರಲ್ಲಿ ನ್ಯಾಯಾಲಯವೇ ಬಿಟ್ಟಿತು. ಸದಾಶಿವ ಸಮಿತಿಯ ವಿಚಾರಣೆ ಮುಗಿದು, ಪೋಲೀಸರಿಂದ ನೊಂದ ಹಳ್ಳಿಗರಿಗೆ ಪರಿಹಾರ ಕೊಡಬೇಕೆಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ೨೦೦೭ರಲ್ಲಿ ಹೇಳಿತು. ಬೆಂಗಳೂರಿನ ಹಲಸೂರಿನಲ್ಲಿ ತಿರುವಳ್ಳುವರ್ ಪ್ರತಿಮೆಯ ಮುಸುಕು ೨೦೦೯ರ ಆಗಸ್ಟ ೯ರಂದು ತೆರೆಯಿತು. ನಾಲ್ಕು ದಿನಗಳ ಮೇಲೆ ಚೆನ್ನೈಯಲ್ಲಿ ನಮ್ಮ ಸರ್ವಜ್ಞನ ಪ್ರತಿಮೆ ಎದ್ದುನಿಂತಿತು. ಎರಡೂ ಕಡೆಗೆ ಎರಡು ರಾಜ್ಯಗಳ ಮುಖ್ಯಮಂತ್ರಿಗಳು ಜತೆಯಾಗಿ ನಿಂತಿದ್ದರು. ಅಲ್ಲಿ ಯಾರ ಮನೆಯ ಯಜಮಾನನೂ ಒತ್ತೆಯಾಗಿರಲಿಲ್ಲ.

ಇಷ್ಟನ್ನು ಬೇಗ ಮಾಡಿದ್ದರೆ ಬಂದೂಕಿನವನ ಪಟ್ಟಿ ಅಷ್ಟರ ಮಟ್ಟಿಗೆ ಚಿಕ್ಕದಾಗುತ್ತಿತ್ತು. ಬಡವನ ದೂರನ್ನು ಅವನ ಊರಿನಲ್ಲಿಯೇ, ಅದು ಹುಟ್ಟಿದ ವರ್ಷದಲ್ಲಿಯೇ ಕೇಳಿ ತೀರಿಸುವ ಅಧಿಕಾರಿಗಳೂ ನ್ಯಾಯಾಲಯಗಳೂ ಇದ್ದರೆ, ಕಾಡಿನಿಂದ ಬರುವ ಮಧ್ಯಸ್ಥನ ಕೈಯಲ್ಲಿ ಹಿಡಿದವನ ಸ್ವಂತ ಆಸೆಗಳು ಮಾತ್ರ ಉಳಿಯುತ್ತವೆ. ಅವುಗಳಿಗೆ ಏನು ಉತ್ತರ ಕೊಡಬೇಕೆಂಬುದನ್ನು ಆಗ ಸರಕಾರವೂ ಜನರೂ ಕಷ್ಟಪಡದೆ ನಿಶ್ಚಯಿಸಬಹುದು. ಹಾಗಲ್ಲದೆ ದೂರುಗಳನ್ನು ವರ್ಷಗಟ್ಟಲೆ ಕಟ್ಟಿಟ್ಟು, ಯಾರೋ ಒಬ್ಬರು ಸೆರೆಯಾದ ರಾತ್ರಿ ಅವನ್ನು ಬಿಚ್ಚಿ ನೋಡುವ ರೂಢಿ ಇರುವ ತನಕ, ಗಾಜನೂರಿನ ಮನೆಯವರೂ ಕರೀಮರ ಮನೆಯವರೂ ಒಬ್ಬರಿಗೊಬ್ಬರು ಎದುರುಗಕ್ಷಿಗಳಾಗಿ ನಿಲ್ಲಬೇಕಾದ ದುರ್ದೈವವು ನಮ್ಮ ನಾಡಿಗೆ ತಪ್ಪಲಾರದು.